21 ಗೇರಿನ ವ್ಯಾಮೋಹ

ಸೈಕಲ್ ಕೊಳ್ಳಹೋದ ಗೃಹಸ್ಥನ ದೃಷ್ಟಿಯನ್ನು ಮೊದಲು ಸೆಳೆಯುವುದು ಚೌಕಟ್ಟಿನ ಮೇಲೆ ದಪ್ಪಕ್ಷರದಲ್ಲಿ ಮೆರೆಯುವ ‘21 ಸ್ಪೀಡ್’ ಎಂಬ ಘೋಷಣೆ. ಕಾಲಿನ ಶ್ರಮವನ್ನು ಹಿಂದಿನ ಗಾಲಿಗೆ ತಲುಪಿಸುವ ಕ್ರ್ಯಾಂಕು, ಚೈನು, ಫ್ರೀವೀಲು, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೈಲರು ಇವುಗಳಲ್ಲಿ ಯಾವುದಕ್ಕೆ ಎಷ್ಟು ಹಣ ಸಲ್ಲಬೇಕೆಂಬ ವಿವೇಚನೆ ಆ ಸಂಖ್ಯೆಯ ಮುಂದೆ ಮಸುಕಾಗಿಬಿಡುತ್ತದೆ. ಆದರೆ ಮುಂದೆ 48, 38, 28 ಹಲ್ಲುಗಳ ಮೂರು ಚಕ್ರಗಳೂ ಹಿಂದೆ 14ರಿಂದ 28 ಹಲ್ಲುಗಳವರೆಗಿನ ಏಳು ಚಕ್ರಗಳೂ ಉಳ್ಳ ಸೈಕಲ್ಲಿನಲ್ಲಿ 48ನ್ನು 28ಕ್ಕೆ, 38ನ್ನು 22ಕ್ಕೆ, 28ನ್ನು 16ಕ್ಕೆ ಕೂಡಿಸಿದರೆ, ಪೆಡಲಿನ ಒಂದು ಸುತ್ತಿಗೆ ಗಾಲಿ ಕ್ರಮವಾಗಿ 1.71, 1.73, 1.75 ಸುತ್ತು ತಿರುಗುವುದರಿಂದ, ಲೆಕ್ಕದಲ್ಲಿ ಮೂರಾದುದು ಕಾಲಿಗೆ ಒಂದೇ. ಗೇರುಗಳೆಷ್ಟು ಎಂದು ಕೇಳುವುದಕ್ಕಿಂತ, ಎಲ್ಲಕ್ಕಿಂತ ಹಗುರವಾದ ಗೇರು ಯಾವುದೆಂದು ಕೇಳುವುದು ಮೇಲು.

ಬಯಲುಸೀಮೆಯ ಸಮನಾದ ದಾರಿಗೆ 44 ಹಲ್ಲಿನ ಮುಂಚಕ್ರವೂ 18 ಹಲ್ಲಿನ ಫ್ರೀವೀಲೂ ಉಳ್ಳ, ಪೆಡಲಿನ ಸುತ್ತೊಂದಕ್ಕೆ ಸುಮಾರು ಐದೂವರೆ ಮೀಟರು ಸಾಗುವ, ಹಾಲಿನ ಕ್ಯಾನು ಹೊರುವ ಆ ಹಳೆಯ ಮಾದರಿಯ 28 ಇಂಚಿನ ಸೈಕಲ್ಲೇ ಸಾಕು. ಮಿತವ್ಯಯದಲ್ಲಿ ಅದನ್ನು ಮೀರಿಸುವ ಏರ್ಪಾಡಿಲ್ಲವೆಂದೇ ನನ್ನ ಮತ. ಆದರೆ ಮಡಿಕೇರಿಯ ಏರಿನಲ್ಲಿ ಅದು ಶಿಕ್ಷೆ. ಅಲ್ಲಿ ಮುಂದೆ 28, ಹಿಂದೆ 34 ಹಲ್ಲು ಇರಬೇಕು. ಷಿಮಾನೋ ಕಂಪನಿಯ ಅಗ್ಗದ ‘ಟೂರ್ನಿ’ ವರ್ಗದಲ್ಲಿಯೂ ಅಷ್ಟು ದೊಡ್ಡ ಚಕ್ರವನ್ನು ತಾಳುವ ಡಿರೈಲರುಗಳಿವೆ.

ಅಗ್ಗದ ಸೈಕಲ್ಲುಗಳ ಫ್ರೀವೀಲು ಗಾಲಿಯ ನಡುವಿನ ಹಬ್ಬಿಗೆ ತಿರುಪಿನಿಂದ ಕೂರುವಂಥದು. ಬಲಗಡೆಯ ಬೇರಿಂಗು ಹಬ್ಬಿನ ಒಳಗೇ ಉಳಿದು, ಆಕ್ಸಲಿನ ಹೊರಭಾಗಕ್ಕೆ ಆಧಾರ ತಪ್ಪುವುದರಿಂದ, ಭಾರಿ ಆಳಾಗಲಿ ಹೊರೆ ಹೊರುವವನಾಗಲಿ ಹಳ್ಳದಿಣ್ಣೆಗಳಲ್ಲಿ ತುಳಿದರೆ ಆಕ್ಸಲು ಬಾಗುವುದುಂಟು. ಅಂಥವರು ಒಂದಿಷ್ಟು ಹೆಚ್ಚು ತೆತ್ತು, ಆ ಬೇರಿಂಗು ಆಕ್ಸಲಿನ ತುದಿಯತ್ತ ಸರಿದಿರುವ, ಎಂಟು ಚಕ್ರದ ಕ್ಯಾಸೆಟ್ಟಿರುವ ಗಾಲಿಯನ್ನು ಆರಿಸುವುದು ಲೇಸು; ಒಂಬತ್ತು, ಹತ್ತರ ಸಹವಾಸ ಬಡವನಿಗೆ ಬೇಡ, ಏಕೆಂದರೆ ಎಂಟರ ಚೈನು ಅಗ್ಗವಾಗಿಯೂ ಇದ್ದು ಆರು ಏಳರ ಗೇರುಗಳಿಗೂ ಹೊಂದುತ್ತದೆ.

ನಿಜವಾದ ಖರ್ಚು ಕೊಂಡ ಮೇಲಿನದು. ಚೈನಿನ ಒಂದು ಪಿನ್ನಿನ ನಡುವಿಂದ ಮುಂದಿನದರ ನಡುವಿಗೆ ಅರ್ಧ ಇಂಚು. ಆದುದರಿಂದ ಚೈನನ್ನು ಬಿಗಿಯಾಗಿಸಿ, ಉಕ್ಕಿನ ಅಳತೆಪಟ್ಟಿಯ ಸೊನ್ನೆಯನ್ನು ಒಂದು ಪಿನ್ನಿನ ಮಧ್ಯಕ್ಕೆ ಹಿಡಿದರೆ, ಹನ್ನೆರಡನೆಯ ಇಂಚಿನ ಗೆರೆ ಅದನ್ನು ಬಿಟ್ಟು ಎಣಿಸಿದ ಇಪ್ಪತ್ತನಾಲ್ಕನೆಯ ಪಿನ್ನಿನ ಮಧ್ಯಕ್ಕೆ ಸರಿಯಾಗಿ ಬೀಳಬೇಕು. ಆ ಪಿನ್ನು ಇಂಚಿನ ಹದಿನಾರನೆಯ ಒಂದು ಭಾಗ ಮುಂದಕ್ಕೆ ಸರಿದಿದ್ದರೆ ಚೈನೊಂದನ್ನೇ ಬದಲಿಸಿ ಪಾರಾಗಬಹುದು. ಎಂಟನೆಯ ಒಂದು ಭಾಗ ಸರಿಯುವವರೆಗೆ ಉದಾಸೀನನಾದವನು ಹೊಸ ಚೈನು ತೊಡಿಸಿದರೂ, ಸವೆದ ಹಲ್ಲುಗಳ ಮೇಲೆ ಅದು ಏರಿನಲ್ಲಿ ಜಾರಿ ಹಾರುವುದರಿಂದ, ಫ್ರೀವೀಲಿಗೂ ಹಣ ಎಣಿಸಬೇಕಾಗುತ್ತದೆ.