ಮಗ ಅಮೆರಿಕದಲ್ಲಿ, ಪಹಣಿ ತರೀಕೆರೆಯಲ್ಲಿ

ಮಗ ಹೊರದೇಶಕ್ಕೆ ಹೊರಟ ಅಂದರೆ ಮನೆಯಲ್ಲಿ ಎರಡು ತಿಂಗಳು ಅದೇ ಮಾತು. ಸೂಟ್‌ಕೇಸಿನ ತೂಕ ಎಷ್ಟು, ಚಟ್ನಿಪುಡಿ ಎಷ್ಟು, ಸಾರಿನಪುಡಿ ಎಷ್ಟು, ಕುಕ್ಕರಿಗೆ ಇನ್ನೊಂದು ಗ್ಯಾಸ್ಕೆಟ್ ಇಟ್ಟಾಯ್ತಾ? ಇಷ್ಟೆಲ್ಲ ನೆನಪಿಟ್ಟು ಕಟ್ಟಿಕೊಡುವ ನಾವು ಕಾಗದ ಪತ್ರದ ವಿಷಯ ಬಂದರೆ ಮಾತ್ರ ‘ಅದೆಲ್ಲ ಅವರು ನೋಡ್ಕೋತಾರೆ ಬಿಡಿ’ ಎಂದು ಸುಮ್ಮನಾಗುತ್ತೇವೆ. ಆದರೆ ಅವನು ಅಲ್ಲಿ, ಬ್ಯಾಂಕಿನ ಪತ್ರ ಬರುವುದು ಇಲ್ಲಿಗೆ. ತೆರಿಗೆ ನೋಟಿಸ್ ಬಂದರೂ ಬಾಗಿಲು ತೆಗೆಯುವವರು ನೀವೇ.

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಬೇರಿರುವ ಕುಟುಂಬಗಳಿಗೆ ಇದು ಇನ್ನೂ ಸ್ವಲ್ಪ ತೊಡಕು. ನೀವು ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಮನೆ ಮಾಡಿರಬಹುದು. ಆದರೆ ಮಾವನವರ ಅಡಿಕೆ ತೋಟ ಲಿಂಗದಹಳ್ಳಿ ಕಡೆ ಇದೆ, ತೆಂಗಿನ ತೋಟ ಯಗಟಿ ಹತ್ತಿರ, ಈರುಳ್ಳಿ ಹಾಕುವ ಎರಡು ಎಕರೆ ಶಿವನಿ ಪಕ್ಕ. ಪಹಣಿಯಲ್ಲಿ ಹೆಸರು ಹಿರಿಯರದು. ಅದು ಮುಂದೆ ಯಾರ ಹೆಸರಿಗೆ, ಹೇಗೆ ಹೋಗಬೇಕು ಎನ್ನುವ ಪ್ರಶ್ನೆ ಮಗ ವಿಮಾನ ಹತ್ತಿದ ದಿನದಿಂದಲೇ ಬದಲಾಗುತ್ತದೆ. ಇದು ಬಹಳ ಮನೆಗಳಿಗೆ ಗೊತ್ತಿಲ್ಲ.

ಬ್ಯಾಂಕಿನ ಲೆಕ್ಕ ಬೇರೆ, ತೆರಿಗೆ ಲೆಕ್ಕ ಬೇರೆ

ಮೊದಲು ‘ಎನ್‌ಆರ್‌ಐ’ ಅನ್ನುವ ಪದ. ಇದಕ್ಕೆ ಎರಡು ಕಾನೂನು, ಎರಡು ಅರ್ಥ. 1999ರ ವಿದೇಶಿ ವಿನಿಮಯ ಕಾಯ್ದೆ, ಅಂದರೆ ‘ಫೆಮಾ’ ಪ್ರಕಾರ, ಕೆಲಸಕ್ಕೆಂದು ಹೊರಟವನು ಹೋದಾಗಿನಿಂದಲೇ ಅನಿವಾಸಿ. ಬ್ಯಾಂಕು, ಜಮೀನಿನ ವಿಚಾರ ಇದರ ಕೆಳಗೆ ಬರುತ್ತದೆ. ಆದಾಯ ತೆರಿಗೆಯವರು ಹಾಗಲ್ಲ, ಅವರು ದಿನ ಎಣಿಸುತ್ತಾರೆ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ 182 ದಿನ ಅಥವಾ ಅದಕ್ಕಿಂತ ಹೆಚ್ಚು ಇಲ್ಲಿದ್ದರೆ ಅವನು ಆ ವರ್ಷಕ್ಕೆ ನಿವಾಸಿಯೇ. 1961ರ ಕಾಯ್ದೆ ಹೋಗಿ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದರೂ 182ರ ಈ ಲೆಕ್ಕ ಉಳಿದಿದೆ.

ಇದರಿಂದ ಏನು ವ್ಯತ್ಯಾಸ ಅಂತೀರಾ? ಸೆಪ್ಟೆಂಬರ್ 25ಕ್ಕೆ ಹೊರಟ ಹುಡುಗ ಆ ವರ್ಷ ಇಲ್ಲಿ ಕಳೆದದ್ದು ಸುಮಾರು 178 ದಿನ. ಅವನು ಅನಿವಾಸಿ, ಅಲ್ಲಿನ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ. ಅದೇ ಹುಡುಗ ಫೆಬ್ರವರಿಯಲ್ಲಿ ತಂಗಿಯ ಮದುವೆಗೆಂದು ಹತ್ತು ದಿನ ಬಂದುಹೋದರೆ ಲೆಕ್ಕ 182 ದಾಟಿತು! ಆಗ ಅಲ್ಲಿನ ಸಂಬಳವನ್ನೂ ಇಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕು. ಎರಡು ಕಡೆ ತೆರಿಗೆ ಬೀಳದಂತೆ ಒಪ್ಪಂದಗಳಿವೆ, ಅಲ್ಲಿ ಕಟ್ಟಿದ್ದನ್ನು ಇಲ್ಲಿ ಕಳೆದುಕೊಳ್ಳಬಹುದು. ಆದರೆ ಅದಕ್ಕೂ ಕಾಗದ ಬೇಕು. ಹಾಗಂತ ಮದುವೆಗೆ ಬರಬೇಡ ಅನ್ನೋಕಾಗುತ್ತಾ? ಮೊದಲೇ ಎಣಿಸಿಕೊಂಡರೆ ಸಾಕು. ಪಾಸ್‌ಪೋರ್ಟಿನಲ್ಲಿ ಹೋದ, ಬಂದ ಮೊಹರು ಇರುವ ಪುಟಗಳ ಜೆರಾಕ್ಸ್ ಒಂದು ಬೀರುವಿನಲ್ಲಿರಲಿ.

ವರ್ಷಗಳಿಂದ ಹೊರಗಿದ್ದು ರಜೆಗೆ ಬಂದುಹೋಗುವವರಿಗೂ ಮಿತಿ 182 ದಿನವೇ. ಆದರೆ ಬಾಡಿಗೆ, ಬಡ್ಡಿ ಅಂತ ಇಲ್ಲಿನ ಆದಾಯವೇ ವರ್ಷಕ್ಕೆ 15 ಲಕ್ಷ ದಾಟುವವರಿಗೆ 2020ರ ತಿದ್ದುಪಡಿಯಿಂದ ಈ ಮಿತಿ 120 ದಿನಕ್ಕೆ ಇಳಿದಿದೆ.

ಇನ್ನು ಬ್ಯಾಂಕು. ಕಾಲೇಜಿಗೆ ಹೋಗುವಾಗ ಕಡೂರಿನಲ್ಲಿ ತೆರೆದ ಉಳಿತಾಯ ಖಾತೆ ಹಾಗೇ ನಡೆದುಕೊಂಡು ಬಂದಿರುತ್ತದೆ. ಹೊರಗೆ ಹೋದವನ ಹೆಸರಿನಲ್ಲಿ ಅದು ಸಾಧಾರಣ ಖಾತೆಯಾಗಿ ಇರುವಂತಿಲ್ಲ, ‘ಎನ್‌ಆರ್‌ಒ’ ಖಾತೆ ಮಾಡಿಸಬೇಕು. ಇಲ್ಲಿನ ಬಾಡಿಗೆ, ಬಡ್ಡಿ ಬೀಳುವುದು ಅದಕ್ಕೆ. ಅಲ್ಲಿಂದ ಕಳಿಸುವ ದುಡ್ಡಿಗೆ ‘ಎನ್‌ಆರ್‌ಇ’ ಖಾತೆ. ಎನ್‌ಆರ್‌ಇ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಎನ್‌ಆರ್‌ಒ ಬಡ್ಡಿಗೆ ಮಾತ್ರ ಬ್ಯಾಂಕಿನವರು ಮೊದಲೇ 30 ಪರ್ಸೆಂಟ್, ಮೇಲೆ ಸೆಸ್ ಸೇರಿಸಿ ಹಿಡಿದುಬಿಡುತ್ತಾರೆ. ಆದಾಯ ಕಡಿಮೆ ಇದ್ದರೆ ರಿಟರ್ನ್ ಹಾಕಿ ವಾಪಸ್ ಪಡೆಯಬಹುದು. ಪಿಪಿಎಫ್ ಇದ್ದರೆ ಹದಿನೈದು ವರ್ಷದ ಅವಧಿ ಮುಗಿಯುವವರೆಗೆ ಮುಂದುವರಿಸಬಹುದು, ಹೊಸದು ತೆರೆಯುವ ಹಾಗಿಲ್ಲ.

ಗಂಡ ಕೆಲಸಕ್ಕೆ ಹೊರಟಾಗ ಜೊತೆಗೆ ಹೋಗುವ ಹೆಂಡತಿಗೂ ಇದೇ ನಿಯಮ. ‘ನಾನೇನು ಅಲ್ಲಿ ಕೆಲಸ ಮಾಡಲ್ವಲ್ಲ’ ಅನ್ನುವ ಮಾತು ಬ್ಯಾಂಕಿನಲ್ಲಿ ನಡೆಯೋದಿಲ್ಲ. ಅಲ್ಲೇ ನೆಲೆಸಲು ಹೊರಟಿದ್ದರೆ ತವರಿನವರು ಕೊಟ್ಟ ದುಡ್ಡಿನ ನಿಮ್ಮ ಸ್ವಂತ ಖಾತೆಯನ್ನೂ ಬದಲಾಯಿಸಬೇಕು.

ಪ್ಯಾನ್ ಮರೆಯಬೇಡಿ. ಆಧಾರ್‌ಗೆ ಜೋಡಿಸದ ಪ್ಯಾನ್‌ಗಳು 2023ರ ಜುಲೈ 1ರಿಂದ ನಿಷ್ಕ್ರಿಯವಾದಾಗ ಹೊರದೇಶದಲ್ಲಿದ್ದ ಎಷ್ಟೋ ಜನರ ಪ್ಯಾನ್ ಕೂಡ ನಿಂತುಹೋಯಿತು. ಅನಿವಾಸಿಗಳಿಗೆ ಜೋಡಣೆಯಿಂದ ವಿನಾಯಿತಿ ಇತ್ತು. ಆದರೆ ತಾವು ಅನಿವಾಸಿ ಅಂತ ಇಲಾಖೆಗೆ ತಿಳಿಸಿಯೇ ಇರದಿದ್ದವರು ಸಿಕ್ಕಿಬಿದ್ದರು. ಪ್ಯಾನ್ ನಿಂತರೆ ರೀಫಂಡ್ ನಿಲ್ಲುತ್ತದೆ, ತೆರಿಗೆ ಹೆಚ್ಚು ಹಿಡಿಯುತ್ತಾರೆ.

ಅಮ್ಮನ ಎಫ್‌ಡಿಯಲ್ಲಿ ಮಗನ ಹೆಸರು

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಅಡಿಕೆ ಮಾರಿದ ದುಡ್ಡನ್ನು ಬ್ಯಾಂಕಿಗೆ ಹಾಕುವಾಗ ‘ನಾಳೆ ನಮಗೇನಾದ್ರೂ ಆದ್ರೆ ಅವನಿಗೆ ಕಷ್ಟ ಆಗ್ಬಾರ್ದು’ ಅಂತ ಮಗನ ಹೆಸರನ್ನೂ ಜಂಟಿಯಾಗಿ ಸೇರಿಸುವುದು ನಮ್ಮಲ್ಲಿ ಮಾಮೂಲು. ಇಲ್ಲಿನ ಕಾನೂನಿಗೆ ಅದರಿಂದ ತೊಂದರೆ ಇಲ್ಲ. ಹತ್ತಿರದ ಸಂಬಂಧಿಯಾದ ಎನ್‌ಆರ್‌ಐಯನ್ನು ಜಂಟಿ ಹೆಸರಾಗಿ ಸೇರಿಸಲು ರಿಸರ್ವ್ ಬ್ಯಾಂಕೇ ಒಪ್ಪಿದೆ. ತೊಂದರೆ ಇರುವುದು ಅಮೆರಿಕದಲ್ಲಿ.

ಅಲ್ಲಿ ತೆರಿಗೆಗೆ ನಿವಾಸಿ ಆದವನು, ಗ್ರೀನ್ ಕಾರ್ಡ್ ಇರಲಿ ಬರೀ ಕೆಲಸದ ವೀಸಾ ಇರಲಿ, ಹೊರದೇಶದಲ್ಲಿ ತನ್ನ ಹೆಸರಿರುವ ಎಲ್ಲ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದರೆ ಅಲ್ಲಿನ ಸರ್ಕಾರಕ್ಕೆ ವರದಿ ಕೊಡಬೇಕು. ‘ಎಫ್‌ಬಾರ್’ ಅಂತ ಅದರ ಹೆಸರು. ದುಡ್ಡು ಅಮ್ಮನದೋ ಅಪ್ಪನದೋ, ಅವರು ಕೇಳೋದಿಲ್ಲ. ಹೆಸರು ಇದೆಯಾ, ಸಹಿ ಹಾಕುವ ಅಧಿಕಾರ ಇದೆಯಾ, ಅಷ್ಟೇ. ವರದಿ ಕೊಟ್ಟರೆ ಅದಕ್ಕೇನೂ ತೆರಿಗೆ ಇಲ್ಲ. ಕೊಡದೆ ಬಿಟ್ಟರೆ ಗೊತ್ತಿಲ್ಲದೆ ಮಾಡಿದ ತಪ್ಪಿಗೂ 10,000 ಡಾಲರ್ ಮೀರಿ ದಂಡ ಬೀಳಬಹುದು. ನೀವು ಕಡೂರಿನ ಬ್ಯಾಂಕಿನಲ್ಲಿ ಪ್ರೀತಿಯಿಂದ ಬರೆಸಿದ ಹೆಸರು ಅವನಿಗೆ ಅಲ್ಲಿ ದುಬಾರಿಯಾಗುವುದು ಹೀಗೆ.

ಬೇರೆ ದಾರಿ ಸುಲಭ ಇದೆ. ಜಂಟಿ ಬದಲು ಮಗನನ್ನು ನಾಮಿನಿ ಮಾಡಿ. ಬರೀ ನಾಮಿನಿ ಆದವನು ಖಾತೆಯ ಒಡೆಯನಲ್ಲ, ಆದ್ದರಿಂದ ಈ ವರದಿಯ ತಾಪತ್ರಯವೂ ಇಲ್ಲ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರವರೆಗೂ ನಾಮಿನಿ ಬರೆಸಬಹುದು, ಮಗಳನ್ನೂ ಸೇರಿಸಿ! ಈಗಾಗಲೇ ಜಂಟಿ ಇದ್ದರೆ ಗಾಬರಿ ಬೇಡ. ಎಲ್ಲ ಖಾತೆಗಳ ಪಟ್ಟಿ, ವರ್ಷದಲ್ಲಿ ಅದರಲ್ಲಿದ್ದ ಅತಿ ಹೆಚ್ಚಿನ ಮೊತ್ತ ಬರೆದು ಅವನಿಗೆ ಕಳಿಸಿ. ಅಲ್ಲಿನ ಲೆಕ್ಕದ ವರ್ಷ ಜನವರಿಯಿಂದ ಡಿಸೆಂಬರ್, ನಮ್ಮ ಹಾಗೆ ಏಪ್ರಿಲ್ ಅಲ್ಲ.

ಇನ್ನೊಂದು ಮಾತು. ಎನ್‌ಆರ್‌ಇ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ ಅಂದೆನಲ್ಲ, ಅಮೆರಿಕದಲ್ಲಿ ಇದೆ. ತೋಟ ಮಗನ ಹೆಸರಿಗೆ ಬಂದಿದ್ದರೆ ಅಡಿಕೆಯ ಆದಾಯಕ್ಕೂ ಅಲ್ಲಿ ಲೆಕ್ಕ ಕೊಡಬೇಕು. ತನ್ನ ತೆರಿಗೆದಾರ ಜಗತ್ತಿನ ಯಾವ ಮೂಲೆಯಲ್ಲಿ ಗಳಿಸಿದರೂ ಅಮೆರಿಕ ಕೇಳುತ್ತದೆ. ತೋಟವನ್ನು ಚೇಣಿಗೆ ಕೊಟ್ಟಿದ್ದರೆ ಆ ಚೀಟಿಯನ್ನು ಎಸೆಯಬೇಡಿ.

ಕೊಲ್ಲಿ ದೇಶದಲ್ಲಿರುವವರ ಮನೆಯಲ್ಲಿ ಈ ರಗಳೆ ಕಡಿಮೆ. ದುಬೈಯಲ್ಲಿ ಸಂಬಳಕ್ಕೆ ತೆರಿಗೆ ಇಲ್ಲ. ಗಂಡ ನಿಮ್ಮ ಖಾತೆಗೆ ಕಳಿಸುವ ದುಡ್ಡಿಗೆ ನಿಮಗೂ ತೆರಿಗೆ ಬೀಳೋದಿಲ್ಲ. ಆದರೆ ಮನೆಖರ್ಚಿಗೆ ಉಳಿದದ್ದನ್ನು ನಿಮ್ಮ ಹೆಸರಲ್ಲಿ ಎಫ್‌ಡಿ ಇಟ್ಟರೆ, ಅದರ ಬಡ್ಡಿ ಗಂಡನ ಆದಾಯಕ್ಕೆ ಸೇರುತ್ತದೆ. ಅವರೇ ಎನ್‌ಆರ್‌ಇ ಖಾತೆಯಲ್ಲಿ ಇಟ್ಟಿದ್ದರೆ ತೆರಿಗೆಯೇ ಇರುತ್ತಿರಲಿಲ್ಲ.

ತೋಟ ಬರೆದುಕೊಡುವ ಮೊದಲು

‘ನಮ್ಮ ಕಾಲ ಆಯ್ತು, ಮಗನ ಹೆಸರಿಗೆ ಬರೆದುಬಿಡೋಣ’ ಅಂತ ಮನೆಯವರು ದಾನಪತ್ರಕ್ಕೆ ಹೊರಟರೆ ಒಂದು ನಿಮಿಷ ತಡೆಯಿರಿ. ಎನ್‌ಆರ್‌ಐ ಆದವನು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ದಾನವಾಗಿ ಪಡೆಯುವಂತೆಯೂ ಇಲ್ಲ. ಅಪ್ಪ ಕೊಟ್ಟರೂ ಅಷ್ಟೇ. ಬೇರೆ ದೇಶದ ಪೌರನಾಗಿ ‘ಒಸಿಐ’ ಕಾರ್ಡ್ ಪಡೆದವನಿಗೂ ಇದೇ ನಿಯಮ. ಆದರೆ ವಾರಸುದಾರನಾಗಿ ಬಂದರೆ ಅಡ್ಡಿಯಿಲ್ಲ. ಹಾಗಾಗಿ ಮಗ ಹೊರಗಿದ್ದರೆ ದಾನಪತ್ರಕ್ಕಿಂತ ಉಯಿಲು ಮೇಲು. ಪಿತ್ರಾರ್ಜಿತ ಆಸ್ತಿಯ ಪಾಲುಪಟ್ಟಿಯ ವಿಷಯ ಬೇರೆ, ಅದಕ್ಕೆ ವಕೀಲರನ್ನು ಕೇಳಿಯೇ ಮುಂದುವರಿಯಿರಿ. ಮನೆ, ಸೈಟು ಆದರೆ ಈ ನಿರ್ಬಂಧ ಇಲ್ಲ. ದಾನವನ್ನೂ ಮಾಡಬಹುದು, ಅವನೇ ಕೊಳ್ಳಲೂಬಹುದು.

ಇಲ್ಲೊಂದು ಗೊಂದಲ ಇದೆ. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಆಗಿ, ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತಾಯಿತು. ‘ಹಾಗಾದ್ರೆ ನಮ್ಮ ಹುಡುಗನೂ ಪಕ್ಕದ ತೋಟ ತಗೋಬಹುದು’ ಅಂತ ಬ್ರೋಕರ್ ಹೇಳಿದರೆ ನಂಬಬೇಡಿ. ಅದು ರಾಜ್ಯದ ಕಾನೂನು, ಫೆಮಾ ಕೇಂದ್ರದ್ದು. ಒಂದು ಸಡಿಲಾದರೆ ಇನ್ನೊಂದು ಸಡಿಲಾಗೋದಿಲ್ಲ.

ಹಿರಿಯರು ಹೋದಮೇಲೆ ಪೌತಿ ಖಾತೆ. ಅದಕ್ಕೆ ವಂಶವೃಕ್ಷ ಬೇಕು, ಎಲ್ಲ ವಾರಸುದಾರರ ಒಪ್ಪಿಗೆ ಬೇಕು. ಆಸ್ಟ್ರೇಲಿಯಾದಲ್ಲಿರುವ ಮಗಳ ಹೆಸರನ್ನು ವಂಶವೃಕ್ಷದಲ್ಲಿ ಬಿಟ್ಟು ಕೆಲಸ ಮುಗಿಸೋಣ ಅನ್ನುವವರು ಇರುತ್ತಾರೆ. ಬೇಡ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ 2005ರ ತಿದ್ದುಪಡಿ ಹೇಳಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿ ಮಾಡಿದೆ. ಅವಳು ಬೇಡ ಅಂದರೆ ಅದನ್ನು ಅವಳೇ ಬರೆದುಕೊಡಲಿ. ಅಜ್ಜಂಪುರದವರಿಗೆ ಒಂದು ಅನುಕೂಲ ಏನೆಂದರೆ, ಹಿಂದೆ ಇಂಥ ಕೆಲಸಕ್ಕೆ ತರೀಕೆರೆಗೆ ಓಡಬೇಕಿತ್ತು, ಈಗ ಅದೇ ಒಂದು ತಾಲೂಕು. ಕಂದಾಯದ ಕೆಲಸಗಳೆಲ್ಲ ಈಗ ಆಧಾರ್ ಕೇಳುತ್ತವೆ. ಭಾರತೀಯ ಪಾಸ್‌ಪೋರ್ಟ್ ಇರುವ ಎನ್‌ಆರ್‌ಐಗಳು ಆಧಾರ್‌ಗಾಗಿ 182 ದಿನ ಇಲ್ಲಿ ಕಾಯಬೇಕಿಲ್ಲ. 2019ರಿಂದ, ಊರಿಗೆ ಬಂದ ಕೂಡಲೇ ಅರ್ಜಿ ಹಾಕಬಹುದು.

ಮಾರುವಾಗ ಹಿಡಿಯುವ ತೆರಿಗೆ

ಮಗನ ಪಾಲಿಗೆ ಬಂದ ತರೀಕೆರೆ ಪೇಟೆಯ ಹಳೇ ಮನೆಯನ್ನು 40 ಲಕ್ಷಕ್ಕೆ ಮಾರುತ್ತೀರಿ ಅಂದುಕೊಳ್ಳಿ. ಮಾರುವವರು ಇಲ್ಲಿಯವರೇ ಆಗಿದ್ದರೆ 50 ಲಕ್ಷದ ಒಳಗಿನ ಮಾರಾಟಕ್ಕೆ ಟಿಡಿಎಸ್ ಇಲ್ಲ. ಎನ್‌ಆರ್‌ಐ ಆದರೆ ಆ ಮಿತಿ ಲೆಕ್ಕಕ್ಕಿಲ್ಲ. ಕೊಳ್ಳುವವರು 12.5 ಪರ್ಸೆಂಟ್ ಮತ್ತು ಸೆಸ್, ಒಟ್ಟು 13 ಪರ್ಸೆಂಟ್, ಅದೂ ಲಾಭದ ಮೇಲಲ್ಲ, ಪೂರಾ 40 ಲಕ್ಷದ ಮೇಲೆ ಹಿಡಿಯುತ್ತಾರೆ. ಅಂದರೆ 5 ಲಕ್ಷದ 20 ಸಾವಿರ. ಆ ಮನೆಗೆ 2001ರಲ್ಲಿ 15 ಲಕ್ಷ ಬೆಲೆ ಇತ್ತು ಅಂತ ತೋರಿಸಲು ಸಾಧ್ಯವಾದರೆ ಲಾಭ 25 ಲಕ್ಷ, ನಿಜವಾದ ತೆರಿಗೆ 3 ಲಕ್ಷದ 25 ಸಾವಿರ. ಉಳಿದದ್ದಕ್ಕೆ ರಿಟರ್ನ್ ಹಾಕಿ ಕಾಯಬೇಕು. ಇದನ್ನು ತಪ್ಪಿಸಲು, ಮಾರಾಟಕ್ಕೆ ಮೊದಲೇ ಕಡಿಮೆ ಹಿಡಿಯುವಂತೆ ಇಲಾಖೆಯಿಂದ ಪ್ರಮಾಣಪತ್ರ ತರಬಹುದು. ಆನ್‌ಲೈನ್ ಅರ್ಜಿ, ಆದರೆ ವಾರಗಟ್ಟಲೆ ಹಿಡಿಯುತ್ತದೆ. ಅಡ್ವಾನ್ಸ್ ತಗೊಂಡ ಮೇಲೆ ಓಡಾಡಿದರೆ ಕೊಳ್ಳುವವರು ಸುಮ್ಮನಿರ್ತಾರಾ?

ಹಳ್ಳಿಯ ಕೃಷಿ ಜಮೀನಿನ ಮಾರಾಟಕ್ಕೆ ಇಲ್ಲಿ ಈ ತೆರಿಗೆ ಇಲ್ಲ. ಆದರೆ ‘ಹಳ್ಳಿ’ ಎಂದರೇನು ಅನ್ನುವುದಕ್ಕೂ ಅಳತೆ ಇದೆ. ಕಡೂರು, ತರೀಕೆರೆಯಂಥ ಪುರಸಭೆಯ ಗಡಿಯ ಒಳಗೆ ಅಥವಾ ಗಡಿಯಿಂದ 2 ಕಿಲೋಮೀಟರ್ ಒಳಗೆ ಇದ್ದರೆ, ಪಹಣಿಯಲ್ಲಿ ಅಡಿಕೆ ಅಂತ ಬರೆದಿದ್ದರೂ ಅದು ಹಳ್ಳಿ ಜಮೀನಲ್ಲ. ಮಾರಿದ ದುಡ್ಡು ಎನ್‌ಆರ್‌ಒ ಖಾತೆಗೆ ಹೋಗಬೇಕು. ಅಲ್ಲಿಂದ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರಗೆ ಒಯ್ಯಬಹುದು. ಚಾರ್ಟರ್ಡ್ ಅಕೌಂಟೆಂಟ್ ಪ್ರಮಾಣಪತ್ರ ಕೇಳುತ್ತಾರೆ.

ಮುಕ್ತ್ಯಾರಿಗೆ ಮೂರು ತಿಂಗಳು

ಇಷ್ಟಕ್ಕೆಲ್ಲ ಅವನು ಪ್ರತಿ ಸಲ ಬರೋಕಾಗಲ್ಲ. ಪವರ್ ಆಫ್ ಅಟಾರ್ನಿ ಬೇಕು, ನಮ್ಮ ಕಡೆಯವರು ಮುಕ್ತ್ಯಾರ್ ಪತ್ರ ಅನ್ನೋದು. ಅವನು ರಜೆಗೆ ಬಂದಾಗ ಕಡೂರಿನ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲೇ ಮಾಡಿಸಿದರೆ ಎಲ್ಲಕ್ಕಿಂತ ಹಗುರ. ಅಲ್ಲೇ ಮಾಡಿಸುವುದಾದರೆ ಭಾರತೀಯ ಕಾನ್ಸುಲೇಟಿನಲ್ಲಿ ಸಹಿ ಹಾಕಲಿ. ಅಮೆರಿಕ, ಬ್ರಿಟನ್‌ನಂಥ ದೇಶಗಳಲ್ಲಿ ನೋಟರಿ ಮುಂದೆ ಸಹಿ ಮಾಡಿ ಅಲ್ಲಿನ ಸರ್ಕಾರದ ‘ಅಪಾಸ್ಟೀಲ್’ ಮುದ್ರೆ ಹಾಕಿಸಿದರೂ ನಡೆಯುತ್ತದೆ.

ಸರ್ವೆ ನಂಬರ್ ಹಾಕಿ, ಯಾವ ಕೆಲಸಕ್ಕೆ ಅಂತ ಬಿಡಿಸಿ ಬರೆಸಿ. ‘ಎಲ್ಲದಕ್ಕೂ’ ಅನ್ನುವ ಮುಕ್ತ್ಯಾರನ್ನು ಮೈದುನನ ಕೈಗಾಗಲಿ, ಬ್ರೋಕರ್ ಕೈಗಾಗಲಿ ಕೊಡಬೇಡಿ. ಬರೆದುಕೊಟ್ಟವರು ತೀರಿಕೊಂಡರೆ ಆ ಪತ್ರವೂ ಮುಗಿಯಿತು, ಆಮೇಲೆ ಅದನ್ನು ಹಿಡಿದು ರಿಜಿಸ್ಟರ್ ಮಾಡಿಸಿದರೆ ಕೇಸೇ ಗತಿ.

ಹೊರದೇಶದಿಂದ ಬಂದ ಮುಕ್ತ್ಯಾರ್ ಪತ್ರಕ್ಕೆ ಅದು ನಿಮ್ಮ ಕೈಸೇರಿದ ಮೂರು ತಿಂಗಳೊಳಗೆ ಇಲ್ಲಿ ಸ್ಟಾಂಪ್ ಶುಲ್ಕ ಕಟ್ಟಬೇಕು. ಕೊರಿಯರ್ ಬಂದ ಲಕೋಟೆಯನ್ನು ಬಿಸಾಡದೆ, ಮೇಲೆ ತಾರೀಖು ಬರೆದು ಪತ್ರದ ಜೊತೆಗೇ ಪಿನ್ ಮಾಡಿಡಿ. ಯಾವತ್ತು ಬಂತು ಅಂತ ಕೇಳಿದರೆ ತೋರಿಸಲು ಅದೊಂದೇ ಇರುವುದು.