ಅಪ್ಪನ ಟ್ರಂಕಿನ ಷೇರು ಪತ್ರ: ಸಹಿ ಹಾಕುವ ಮುನ್ನ ಬೆಲೆ ತಿಳಿಯಿರಿ



ಪ್ರತಿ ಸಲ ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಹಸಿರು ಮೇವು ಎಂದು ಬರೆಯುತ್ತಿದ್ದೆ. ಈ ಬಾರಿ ರಾಸುಗಳ ವಿಷಯವಲ್ಲ, ನಿಮ್ಮದೇ ಹಣದ ವಿಷಯ.

ಈಚೆಗೆ ಒಂದು ಸಂಘದ ಆವರಣದಲ್ಲಿ ಬರಡು ರಾಸುಗಳ ತಪಾಸಣಾ ಶಿಬಿರ ಮುಗಿಸಿ ಕೈ ತೊಳೆಯುತ್ತಿದ್ದೆ. ಸದಸ್ಯೆಯೊಬ್ಬರು ಪ್ಲಾಸ್ಟಿಕ್ ಕವರೊಂದನ್ನು ತಂದು, “ಡಾಕ್ಟ್ರೇ, ಇದನ್ನೊಂಚೂರು ಓದಿ ಹೇಳಿ” ಎಂದರು. ತೀರಿಕೊಂಡ ತಂದೆಯ ಟ್ರಂಕಿನಲ್ಲಿ ಸಿಕ್ಕ ಕಂಪನಿ ಷೇರು ಪತ್ರದ ಜೆರಾಕ್ಸ್ ಅದು. 100 ಷೇರು, ಮುಖಬೆಲೆ ತಲಾ 10 ರೂಪಾಯಿ. ಜೊತೆಗೆ, ಷೇರುಗಳು ಅಣ್ಣನ ಹೆಸರಿಗೆ ಹೋಗಲು ತಮ್ಮ ತಕರಾರಿಲ್ಲ ಎನ್ನುವ ನಿರಾಕ್ಷೇಪಣಾ ಪತ್ರ. “ಎಲ್ಲ ಸೇರಿ ಸಾವಿರ ರೂಪಾಯಿ ಕಾಗದವಂತೆ. ಐನೂರು ಕೊಡ್ತೀನಿ, ಸಹಿ ಹಾಕು ಅಂತ ಅಣ್ಣ ಹೇಳ್ತಾರೆ” ಎಂದರು.

ಅಣ್ಣನಿಗೆ ಮೋಸ ಮಾಡುವ ಉದ್ದೇಶವಿರಲಿಲ್ಲ. ಅಣ್ಣ ತಂಗಿ ಇಬ್ಬರೂ ಕಂಪನಿಯ ಷೇರನ್ನು ನಮ್ಮ ಹಾಲಿನ ಸಂಘದ ಷೇರಿನಂತೆಯೇ ಓದಿದ್ದರು. ನನ್ನ ತಂದೆಯ ಷೇರುಗಳನ್ನು ಅಮ್ಮನ ಹೆಸರಿಗೆ ಮಾಡಿಸಲು ಓಡಾಡುವವರೆಗೆ ನಾನೂ ಹಾಗೆಯೇ ತಿಳಿದಿದ್ದೆ.

ಸಂಘದ ಷೇರು, ಕಂಪನಿ ಷೇರು

ಸಂಘದ ಷೇರು ನಿಮ್ಮ ಸದಸ್ಯತ್ವದ ಗುರುತು. ಎಷ್ಟೇ ಷೇರಿದ್ದರೂ ಒಬ್ಬರಿಗೆ ಒಂದೇ ಮತ. ಸಂಘ ಎಷ್ಟು ಲಾಭ ಮಾಡಿದರೂ ಷೇರಿನ ಬೆಲೆ ಏರುವುದಿಲ್ಲ. ನೂರು ರೂಪಾಯಿ ಷೇರು ನೂರೇ ರೂಪಾಯಿ. ಲಾಭ ನಿಮಗೆ ಮುಖ್ಯವಾಗಿ ಸಿಗುವುದು ಹಾಕಿದ ಹಾಲಿನ ಮೇಲೆ, ಬೋನಸ್ ಹಣವಾಗಿ.

ಕಂಪನಿ ಷೇರು ಹಾಗಲ್ಲ. ಅದು ಕಂಪನಿಯ ಒಡೆತನದಲ್ಲಿ ಒಂದು ಪಾಲು. ಕಂಪನಿ ಬೆಳೆದರೆ ಪಾಲಿನ ಬೆಲೆಯೂ ಬೆಳೆಯುತ್ತದೆ, ಮುಳುಗಿದರೆ ಸೊನ್ನೆಯಾಗುತ್ತದೆ. ಪತ್ರದ ಮೇಲೆ ಅಚ್ಚಾದ ಮುಖಬೆಲೆ ಇಂದಿನ ಬೆಲೆಯನ್ನು ಹೇಳುವುದೇ ಇಲ್ಲ. ಹತ್ತು ವರ್ಷದ ಹಿಂದೆ ಕಡಸು ಕೊಂಡ ಚೀಟಿ ನೋಡಿ ಇಂದಿನ ಕೊಟ್ಟಿಗೆಗೆ ಬೆಲೆ ಕಟ್ಟಿದಂತಾಗುತ್ತದೆ.

ನೂರು ಷೇರು ನೂರೇ ಉಳಿಯುವುದಿಲ್ಲ

ಕಂಪನಿಯಲ್ಲಿ ‘ಬೋನಸ್’ ಎಂದರೆ ಹಣವಲ್ಲ, ಉಚಿತವಾಗಿ ಕೊಡುವ ಹೊಸ ಷೇರು. ಇನ್ನೊಂದು ‘ವಿಭಜನೆ’: 10 ರೂಪಾಯಿ ಮುಖಬೆಲೆಯ ಒಂದು ಷೇರು 5 ರೂಪಾಯಿಯ ಎರಡಾಗುತ್ತದೆ. ಕೊಟ್ಟ ದಿನವೇ ಇದರಿಂದ ಆಸ್ತಿ ಹೆಚ್ಚುವುದಿಲ್ಲ, ಷೇರೊಂದರ ಬೆಲೆ ಅಷ್ಟಕ್ಕೆ ಇಳಿಯುತ್ತದೆ. ಆದರೆ ಹಳೆಯ ಪತ್ರದಲ್ಲಿರುವ ಸಂಖ್ಯೆ ಮಾತ್ರ ಸುಳ್ಳಾಗುತ್ತದೆ.

ನಮ್ಮ ಬೆಂಗಳೂರಿನ ಇನ್ಫೋಸಿಸ್ ಕಂಪನಿಯ ಲೆಕ್ಕ ನೋಡಿ. 1993ರಲ್ಲಿ 10 ರೂಪಾಯಿ ಮುಖಬೆಲೆಯ ಷೇರನ್ನು 95 ರೂಪಾಯಿಗೆ ಸಾರ್ವಜನಿಕರಿಗೆ ನೀಡಿತು. ಆಗ 100 ಷೇರು ಕೊಂಡವರು ಕೊಟ್ಟದ್ದು 9,500 ರೂಪಾಯಿ. 1994, 1997, 1999ರಲ್ಲಿ ಒಂದಕ್ಕೆ ಒಂದು ಬೋನಸ್ ಬಂದು 800 ಆಯಿತು. 2000ದಲ್ಲಿ ವಿಭಜನೆಯಾಗಿ 1,600. 2004ರಲ್ಲಿ ಒಂದಕ್ಕೆ ಮೂರು ಬೋನಸ್, 6,400. 2006ರಲ್ಲಿ 12,800. ಮತ್ತೆ 2014, 2015, 2018ರಲ್ಲಿ ಒಂದಕ್ಕೆ ಒಂದು ಬಂದು 1,02,400 ಷೇರು. ಷೇರಿಗೆ ಸಾವಿರ ರೂಪಾಯಿ ಹಿಡಿದರೂ ಹತ್ತು ಕೋಟಿ ದಾಟುತ್ತದೆ. ಮೊದಲ ಪತ್ರದ ಮುಖಬೆಲೆ ಒಟ್ಟು ಬರೀ ಸಾವಿರ!

ಎಲ್ಲ ಪತ್ರಗಳೂ ಹೀಗಿರುವುದಿಲ್ಲ. ಎಷ್ಟೋ ಕಂಪನಿಗಳು ಬಾಗಿಲು ಮುಚ್ಚಿವೆ. ಆದ್ದರಿಂದ ಆಸೆಯೂ ಬೇಡ, ಅಸಡ್ಡೆಯೂ ಬೇಡ. ಮೊದಲು ವಿಚಾರಿಸಿ.

ಬೆಲೆ ತಿಳಿಯುವ ಬಗೆ

1. ಪತ್ರದಲ್ಲಿರುವ ಕಂಪನಿ ಹೆಸರು, ಫೋಲಿಯೊ ಸಂಖ್ಯೆ, ಷೇರುದಾರರ ಹೆಸರು ಬರೆದುಕೊಳ್ಳಿ.

2. ಕಂಪನಿ ಈಗಲೂ ಇದೆಯೇ, ಹೆಸರು ಬದಲಾಗಿದೆಯೇ, ಬೇರೆ ಕಂಪನಿಯಲ್ಲಿ ವಿಲೀನವಾಗಿದೆಯೇ ಎಂದು ಕಲಿತ ಮಕ್ಕಳಿಂದ ಮೊಬೈಲಿನಲ್ಲಿ ಹುಡುಕಿಸಿ.

3. ಕಂಪನಿಯ ಷೇರು ಲೆಕ್ಕ ಇಡುವ ರಿಜಿಸ್ಟ್ರಾರ್ ಕಚೇರಿಗೆ ಪತ್ರ ಬರೆದು, ಈ ಫೋಲಿಯೊದಲ್ಲಿ ಇಂದು ಎಷ್ಟು ಷೇರುಗಳಿವೆ, ಪಡೆಯದ ಲಾಭಾಂಶ ಎಷ್ಟಿದೆ ಎಂದು ಕೇಳಿ.

4. ಇಂದಿನ ಷೇರುಗಳ ಸಂಖ್ಯೆಯನ್ನು ಇಂದಿನ ಮಾರುಕಟ್ಟೆ ದರದಿಂದ ಗುಣಿಸಿ. ಅದೇ ನಿಜವಾದ ಬೆಲೆ.

ಸತತ ಏಳು ವರ್ಷ ಲಾಭಾಂಶ ಪಡೆಯದಿದ್ದರೆ ಷೇರುಗಳು ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ಹೋಗುತ್ತವೆ. ಹೋದವೆಂದು ಕೈಬಿಡಬೇಡಿ, ವಾರಸುದಾರರು ಅರ್ಜಿ ಹಾಕಿ ಮರಳಿ ಪಡೆಯಬಹುದು.

ನಿಮ್ಮ ಪಾಲು

ಹಿಂದೂ ಉತ್ತರಾಧಿಕಾರ ಕಾಯ್ದೆ 1956ರಂತೆ, ವಿಲ್ ಬರೆಯದೆ ತೀರಿಕೊಂಡ ಗಂಡಸಿನ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ಗಂಡು ಮಕ್ಕಳು, ಹೆಣ್ಣು ಮಕ್ಕಳು, ತಾಯಿ ಎಲ್ಲರಿಗೂ ಸಮಪಾಲು. ಮದುವೆಯಾಗಿ ಹೋದ ಮಗಳಿಗೂ ಅಷ್ಟೇ. ಷೇರೂ ಆಸ್ತಿಯೇ. ಇತರ ಧರ್ಮದವರಿಗೆ ಅವರವರ ಕಾನೂನು ಅನ್ವಯ. ನಾಮಿನಿ ಎಂದು ಹೆಸರಿದ್ದ ಮಾತ್ರಕ್ಕೆ ಅವರೊಬ್ಬರೇ ಒಡೆಯರಾಗುವುದಿಲ್ಲ, ವಾರಸುದಾರರ ಹಕ್ಕು ಉಳಿಯುತ್ತದೆ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಹೇಳಿದೆ.

ಹೆಸರು ಬದಲಾಯಿಸಲು ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ, ಪ್ಯಾನ್ ಕಾರ್ಡ್, ನಿಮ್ಮ ಹೆಸರಿನ ಡಿಮ್ಯಾಟ್ ಖಾತೆ ಬೇಕು. 2019ರ ಏಪ್ರಿಲ್ 1ರಿಂದ ಷೇರುಪೇಟೆಯ ಕಂಪನಿಗಳ ಕಾಗದದ ಷೇರನ್ನು ಕಾಗದದಲ್ಲೇ ಮಾರಲು ಬರುವುದಿಲ್ಲ. ಪಿತ್ರಾರ್ಜಿತವಾಗಿ ಷೇರು ಬಂದಾಗ ತೆರಿಗೆ ಇಲ್ಲ. ಮಾರಿ ಲಾಭ ಬಂದರೆ ತೆರಿಗೆ ಇರುತ್ತದೆ, ಆಗ ಲೆಕ್ಕಪರಿಶೋಧಕರನ್ನು ಕೇಳಿ.

ಎಚ್ಚರಿಕೆ: ಮೂಲ ಪತ್ರ ಯಾರ ಕೈಗೂ ಕೊಡಬೇಡಿ. ಖಾಲಿ ಕಾಗದಕ್ಕೆ ಸಹಿ ಬೇಡ, ಓಟಿಪಿ ಹೇಳಬೇಡಿ. ‘ಷೇರು ಬಿಡಿಸಿಕೊಡುತ್ತೇವೆ’ ಎಂದು ಮುಂಗಡ ಕೇಳುವವರನ್ನು ನಂಬಬೇಡಿ. ಸಂದೇಹವಿದ್ದರೆ ಷೇರುಪೇಟೆ ನಿಯಂತ್ರಕ ಸೆಬಿಯ ಉಚಿತ ಸಹಾಯವಾಣಿ 1800 22 7575ಕ್ಕೆ ಕರೆ ಮಾಡಿ.

ಆ ಸದಸ್ಯೆ ಅಂದು ಸಹಿ ಹಾಕಲಿಲ್ಲ. ಅಣ್ಣನನ್ನೂ ಕೂರಿಸಿಕೊಂಡು ರಿಜಿಸ್ಟ್ರಾರ್‌ಗೆ ಪತ್ರ ಬರೆಸಿದರು. ನೂರು ಷೇರು ಈಗ ಆರುನೂರಾಗಿವೆ ಎಂದು ಉತ್ತರ ಬಂದಿದೆ. ಕೋಟಿಯೇನೂ ಅಲ್ಲ. ಆದರೆ ಅವರ ಅರ್ಧ ಪಾಲಿಗೆ ಒಂದು ಒಳ್ಳೆಯ ಕರೆಯುವ ಹಸು ಬರುತ್ತದೆ. “ನಾನೂ ಸಾವಿರ ರೂಪಾಯಿ ಅಂತಲೇ ತಿಳ್ಕೊಂಡಿದ್ದೆ” ಎಂದರಂತೆ ಅಣ್ಣ. ಈಗ ಇಬ್ಬರ ಹೆಸರಿನಲ್ಲೂ ಅರ್ಜಿ ಹೋಗಿದೆ.

ಡೇರಿಯಲ್ಲಿ ಫ್ಯಾಟ್, ಎಸ್‌ಎನ್‌ಎಫ್ ನೋಡದೆ ಹಾಲಿನ ಚೀಟಿ ಮಡಚಿಡುವವರಲ್ಲ ನೀವು. ತವರಿನಿಂದ ಬಂದ ಕಾಗದವನ್ನೂ ಹಾಗೆಯೇ ನೋಡಿ, ಆಮೇಲೆ ಸಹಿ ಹಾಕಿ.

– ಪಶುವೈದ್ಯಾಧಿಕಾರಿ