ಸೌಂದರ್ಯ: ತಾರೆಯ ಪ್ರಭೆಯಲ್ಲಿ ಮರೆಯಾದ ನಿರ್ಮಾಪಕಿ

ಕನ್ನಡದ ಪ್ರೇಕ್ಷಕರಿಗೆ ನಟಿ ಸೌಂದರ್ಯ ಎಂದೊಡನೆ ಮೊದಲು ನೆನಪಾಗುವುದು 'ಆಪ್ತಮಿತ್ರ'. ನಾಗವಲ್ಲಿಯ ಛಾಯೆ ಆವರಿಸಿದ ಗಂಗಾ ಪಾತ್ರದ ಆ ಅಭಿನಯವನ್ನು ಜನ ಇಂದಿಗೂ ಮರೆತಿಲ್ಲ. ತೆಲುಗು ನಾಡಿನಲ್ಲಿ ಆಕೆ ಮನೆಮಗಳು. ಆದರೆ ರಾಷ್ಟ್ರ ಪ್ರಶಸ್ತಿಗಳ ಪಟ್ಟಿಯಲ್ಲಿ ಆಕೆಯ ಹೆಸರು ಇನ್ನೊಂದು ಕಾರಣಕ್ಕಾಗಿ ದಾಖಲಾಗಿದೆ. 2001ನೇ ಸಾಲಿನ ಅತ್ಯುತ್ತಮ ಚಲನಚಿತ್ರವೆಂದು ಸ್ವರ್ಣಕಮಲ ಪಡೆದ 'ದ್ವೀಪ'ದ ನಿರ್ಮಾಪಕಿ ಸೌಂದರ್ಯ. ಗಳಿಕೆಯ ಉತ್ತುಂಗದಲ್ಲಿದ್ದ ತಾರೆಯೊಬ್ಬಳು ಗಲ್ಲಾಪೆಟ್ಟಿಗೆಯ ಭರವಸೆ ಇಲ್ಲದ ಕಥೆಯೊಂದಕ್ಕೆ ಬಂಡವಾಳ ಹೂಡಿದ್ದು ಏಕೆ ಮಹತ್ವದ ಸಂಗತಿ ಎಂಬುದನ್ನು ಅರಿಯಬೇಕಾದರೆ ಆಕೆಯ ವೃತ್ತಿಜೀವನವನ್ನೂ ನಮ್ಮ ಚಿತ್ರೋದ್ಯಮದ ರೀತಿನೀತಿಯನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

ಮುಳಬಾಗಿಲಿನಿಂದ ಹೈದರಾಬಾದಿಗೆ

ಕೋಲಾರ ಜಿಲ್ಲೆಯ ಮುಳಬಾಗಿಲು ಮೂಲದ ಸೌಂದರ್ಯ ಅವರ ಮೊದಲ ಹೆಸರು ಸೌಮ್ಯ. ತಂದೆ ಕೆ.ಎಸ್. ಸತ್ಯನಾರಾಯಣ ಕನ್ನಡ ಚಿತ್ರರಂಗದಲ್ಲಿ ಲೇಖಕರಾಗಿ, ನಿರ್ಮಾಪಕರಾಗಿ ದುಡಿದವರು. ಹೀಗಾಗಿ ಸಿನಿಮಾ ಆಕೆಗೆ ಅಪರಿಚಿತ ಲೋಕವಾಗಿರಲಿಲ್ಲ. ವೈದ್ಯಕೀಯ ಶಿಕ್ಷಣಕ್ಕೆ ಸೇರಿದ್ದ ಆಕೆ ಅದನ್ನು ಅರ್ಧಕ್ಕೇ ಬಿಟ್ಟು ಬಣ್ಣ ಹಚ್ಚಿದರು. 1992ರಲ್ಲಿ 'ಗಂಧರ್ವ' ಚಿತ್ರದ ಮೂಲಕ ಕನ್ನಡ ಪ್ರೇಕ್ಷಕರ ಮುಂದೆ ಬಂದರು. ಮರುವರ್ಷದ ಹೊತ್ತಿಗೆ ತೆಲುಗು ಚಿತ್ರರಂಗ ಆಕೆಯನ್ನು ಕೈಬೀಸಿ ಕರೆಯಿತು.

1995ರಲ್ಲಿ ಕೋಡಿ ರಾಮಕೃಷ್ಣ ನಿರ್ದೇಶನದ 'ಅಮ್ಮೋರು' ತೆರೆಕಂಡ ಮೇಲೆ ಸೌಂದರ್ಯ ಹಿಂತಿರುಗಿ ನೋಡಲಿಲ್ಲ. ವೆಂಕಟೇಶ್, ನಾಗಾರ್ಜುನ, ಚಿರಂಜೀವಿ, ಬಾಲಕೃಷ್ಣ ಹೀಗೆ ಆ ಕಾಲದ ಪ್ರಮುಖ ನಾಯಕರೆಲ್ಲರ ಜೊತೆ ನಟಿಸಿದರು. ತಮಿಳಿನಲ್ಲಿ ರಜನೀಕಾಂತ್ ಜೊತೆ 'ಅರುಣಾಚಲಂ' (1997) ಮತ್ತು 'ಪಡೆಯಪ್ಪ' (1999), ಹಿಂದಿಯಲ್ಲಿ ಅಮಿತಾಭ್ ಬಚ್ಚನ್ ಜೊತೆ 'ಸೂರ್ಯವಂಶಂ' (1999) ಬಂದವು. ಕನ್ನಡದ ನಂಟೂ ಕಡಿದುಹೋಗಲಿಲ್ಲ. ರವಿಚಂದ್ರನ್ ಜೊತೆ 'ಸಿಪಾಯಿ' (1996), ರಾಜೇಂದ್ರಸಿಂಗ್ ಬಾಬು ಅವರ 'ದೋಣಿ ಸಾಗಲಿ' (1998) ಇದಕ್ಕೆ ಸಾಕ್ಷಿ.

ತೆಲುಗು ಪ್ರೇಕ್ಷಕರು ಆಕೆಯನ್ನು ಹಿರಿಯ ನಟಿ ಸಾವಿತ್ರಿಗೆ ಹೋಲಿಸಿದರು. ಅಂಗಾಂಗ ಪ್ರದರ್ಶನದ ಹಂಗಿಲ್ಲದೆ ಅಭಿನಯವನ್ನೇ ನೆಚ್ಚಿ ನಿಂತ ನಟಿ ಎಂಬ ಮೆಚ್ಚುಗೆ ಆ ಹೋಲಿಕೆಯಲ್ಲಿತ್ತು. ಅದರೊಳಗೆ ಒಂದು ಎಚ್ಚರಿಕೆಯೂ ಅಡಗಿತ್ತು ಎನ್ನಬಹುದು. ತಾನೇ ನಿರ್ದೇಶಿಸಿ ನಿರ್ಮಿಸಿದ 'ಪ್ರಾಪ್ತಂ' (1971) ಎಂಬ ತಮಿಳು ಚಿತ್ರ ಸೋತಾಗ ಸಾವಿತ್ರಿ ಭಾರಿ ನಷ್ಟ ಅನುಭವಿಸಿದ್ದರು. ನಟಿ ನಿರ್ಮಾಣಕ್ಕೆ ಇಳಿದರೆ ಕೈಸುಟ್ಟುಕೊಳ್ಳುತ್ತಾಳೆ ಎಂಬ ಮಾತಿಗೆ ಚಿತ್ರರಂಗದಲ್ಲಿ ಇಂತಹ ನಿದರ್ಶನಗಳೇ ಆಧಾರ.

ಕನ್ನಡದ ಪರಂಪರೆ

ಕನ್ನಡದಲ್ಲಿ ನಟಿ ನಿರ್ಮಾಪಕಿಯಾಗುವುದು ಹೊಸದೇನಲ್ಲ. ಕನ್ನಡದ ಮೊದಲ ಮಹಿಳಾ ನಿರ್ಮಾಪಕಿ ಎಂಬ ಹೆಗ್ಗಳಿಕೆ ನಟಿ ಎಂ.ವಿ. ರಾಜಮ್ಮ ಅವರದು. ಅವರು ನಿರ್ಮಿಸಿದ 'ರಾಧಾರಮಣ' ತೆರೆಕಂಡದ್ದು 1943ರಲ್ಲಿ. ಮಹಿಳೆಯರು ನಟಿಸುವುದಕ್ಕೇ ಮೂಗು ಮುರಿಯುತ್ತಿದ್ದ ಕಾಲವದು. ಅರ್ಧ ಶತಮಾನದ ಬಳಿಕ ಜಯಮಾಲಾ 'ತಾಯಿಸಾಹೇಬ' (1997) ನಿರ್ಮಿಸಿ, ಅದರ ಮುಖ್ಯ ಪಾತ್ರವನ್ನೂ ವಹಿಸಿದರು. ಆ ಚಿತ್ರಕ್ಕೆ ಸ್ವರ್ಣಕಮಲ ದೊರೆಯಿತು. ಮುಂದೆ 2008ರಲ್ಲಿ ಜಯಮಾಲಾ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯ ಮೊದಲ ಮಹಿಳಾ ಅಧ್ಯಕ್ಷರಾದರು.

ನಾಲ್ಕು ವರ್ಷಗಳ ಅಂತರದಲ್ಲಿ ಕನ್ನಡಕ್ಕೆ ಬಂದ ಎರಡು ಸ್ವರ್ಣಕಮಲಗಳ ಹಿಂದೆ ಇಬ್ಬರು ನಟಿಯರ ಬಂಡವಾಳ ಇತ್ತೆಂಬುದು ಗಮನಾರ್ಹ. ಎರಡೂ ಚಿತ್ರಗಳನ್ನು ನಿರ್ದೇಶಿಸಿದವರು ಗಿರೀಶ ಕಾಸರವಳ್ಳಿ. ಚಿತ್ರವೊಂದು ಪ್ರಶಸ್ತಿ ಗಳಿಸಿದಾಗ ನಾವು ನಿರ್ದೇಶಕರ ಹೆಸರನ್ನು ಹೇಳುತ್ತೇವೆ. ಆದರೆ ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ಸ್ವರ್ಣಕಮಲವನ್ನು ನಿರ್ದೇಶಕರ ಜೊತೆಗೆ ನಿರ್ಮಾಪಕರಿಗೂ ಕೊಡಲಾಗುತ್ತದೆ. ಹಣ ಹೂಡುವವರು ಇಲ್ಲದಿದ್ದರೆ ಚಿತ್ರಕಥೆ ಕಾಗದದ ಮೇಲೆಯೇ ಉಳಿಯುತ್ತದೆ ಎಂಬ ಸರಳ ಸತ್ಯವನ್ನು ಆ ನಿಯಮ ಒಪ್ಪಿಕೊಂಡಿದೆ.

ನೀರು ನುಂಗಿದ ಊರಿನ ಕಥೆ

'ದ್ವೀಪ' ಚಿತ್ರಕ್ಕೆ ಆಧಾರ ಸಾಗರದ ಕಾದಂಬರಿಕಾರ ನಾ. ಡಿಸೋಜ ಅವರ ಅದೇ ಹೆಸರಿನ ಕೃತಿ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯ ಪ್ರದೇಶದಲ್ಲಿ ಕೆಲಸ ಮಾಡಿದ್ದ ಡಿಸೋಜ, ಊರುಗಳು ಮುಳುಗುವುದನ್ನು ಹತ್ತಿರದಿಂದ ಕಂಡವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ನಾಡಿಗೆ ಬೆಳಕು ಬಂತು. ಹಿನ್ನೀರಿನಲ್ಲಿ ಹೊಲ, ಮನೆ, ದೇವಸ್ಥಾನಗಳನ್ನು ಕಳೆದುಕೊಂಡವರು ದಿಕ್ಕಾಪಾಲಾದರು.

ಚಿತ್ರದಲ್ಲಿ ಬರುವುದು ಸೀತಾಪರ್ವತ ಎಂಬ ತಾಣ. ಅಣೆಕಟ್ಟಿನ ನೀರು ಏರುತ್ತಿದ್ದಂತೆ ಉಳಿದವರೆಲ್ಲ ಪರಿಹಾರ ಪಡೆದು ಹೊರಡುತ್ತಾರೆ. ದೇವರ ಸೇವೆಯನ್ನೇ ನಂಬಿ ಬದುಕಿದ ಮುದುಕ ದುಗ್ಗಜ್ಜ ಮಾತ್ರ ಜಾಗ ಬಿಡಲಾರ. ಮಗ ಗಣಪ, ಸೊಸೆ ನಾಗಿ ಅವನೊಂದಿಗೆ ಉಳಿಯುತ್ತಾರೆ. ದುಗ್ಗಜ್ಜನಾಗಿ 'ಚೋಮನ ದುಡಿ'ಯ ಖ್ಯಾತಿಯ ಎಂ.ವಿ. ವಾಸುದೇವರಾವ್, ಗಣಪನಾಗಿ ಅವಿನಾಶ್, ನೆರವಿಗೆ ಬರುವ ಕೃಷ್ಣನಾಗಿ ಹರೀಶ್ ರಾಜ್ ನಟಿಸಿದರು. ನಾಗಿಯ ಪಾತ್ರ ಸೌಂದರ್ಯ ಅವರದು.

ಇದು ಪರಿಸರದ ಅಥವಾ ಸ್ಥಳಾಂತರದ ಚಿತ್ರ ಮಾತ್ರವೇ ಆಗಿದ್ದರೆ ಇಷ್ಟು ಕಾಲ ಉಳಿಯುತ್ತಿತ್ತೋ ಇಲ್ಲವೋ. ನೀರಿನ ನಡುವೆ ಮನೆಯನ್ನು ಉಳಿಸಲು ಹಗಲಿರುಳು ಹೆಣಗುವವಳು ನಾಗಿ. ಗಂಡನಿಗೆ ಮೊದಲು ಅವಳ ಮೇಲೆ ಅನುಮಾನ ಹುಟ್ಟುತ್ತದೆ. ಮಳೆ ನಿಂತು ಮನೆ ಉಳಿದಾಗ, ಎಲ್ಲವೂ ದೇವರ ಕೃಪೆ ಎನ್ನುತ್ತಾನೆ. ಅವಳ ದುಡಿಮೆ ಲೆಕ್ಕಕ್ಕೇ ಬರುವುದಿಲ್ಲ. ಸರ್ಕಾರದ ಕಡತದಲ್ಲಿ ಮುಳುಗಡೆ ಸಂತ್ರಸ್ತರಿಗೆ ಸಿಗದ ನ್ಯಾಯ ಒಂದೆಡೆಯಾದರೆ, ಮನೆಯೊಳಗೆ ಹೆಣ್ಣಿಗೆ ಸಿಗದ ಮನ್ನಣೆ ಇನ್ನೊಂದೆಡೆ. ಚಿತ್ರ ಈ ಎರಡನ್ನೂ ಒಂದೇ ಎಳೆಯಲ್ಲಿ ಹೆಣೆಯುತ್ತದೆ.

ತಾರೆಯೊಬ್ಬಳು ಹಣ ಹಾಕಿದ ಚಿತ್ರದಲ್ಲಿ ತಾರೆಯ ವೈಭವಕ್ಕೆ ಎಡೆಯೇ ಇಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಹಾಡು, ಕುಣಿತ, ಉಡುಗೆಗಳ ಬೆಡಗು ಯಾವುದೂ ನಾಗಿಗೆ ಇಲ್ಲ. ಮಳೆಯಲ್ಲಿ ತೊಯ್ದ ಸೀರೆ, ಕೆಸರು ಮೆತ್ತಿದ ಕಾಲು, ಮಾತಿಗಿಂತ ಹೆಚ್ಚು ಹೇಳುವ ಮೌನ ಇವೇ ಆ ಪಾತ್ರದ ಬಂಡವಾಳ. ಮಲೆನಾಡಿನ ಮಳೆಯ ನಾನಾ ರೂಪಗಳನ್ನು ಸೆರೆಹಿಡಿದ ಛಾಯಾಗ್ರಾಹಕ ಎಚ್.ಎಂ. ರಾಮಚಂದ್ರ ಅವರಿಗೂ ಅದೇ ಸಾಲಿನ ರಾಷ್ಟ್ರ ಪ್ರಶಸ್ತಿ ಸಂದಿತು. ಸೌಂದರ್ಯ ರಾಜ್ಯ ಸರ್ಕಾರದ ಅತ್ಯುತ್ತಮ ನಟಿ ಪ್ರಶಸ್ತಿ ಪಡೆದರು.

ನಿರ್ಮಾಪಕಿಯ ಹೊಣೆ

ಸತ್ಯ ಮೂವಿ ಮೇಕರ್ಸ್ ಲಾಂಛನದಲ್ಲಿ ಬಂದ ಈ ಚಿತ್ರದ ಸಾಹಸವನ್ನು ಅಳೆಯಲು ಅಂದಿನ ಮಾರುಕಟ್ಟೆಯ ಸ್ಥಿತಿಯನ್ನು ನೆನೆಯಬೇಕು. ಚಿತ್ರಗಳನ್ನು ಫಿಲ್ಮ್ ಸುರುಳಿಗಳಲ್ಲೇ ತೆಗೆಯುತ್ತಿದ್ದ ಕಾಲವದು. ಪ್ರತಿ ಚಿತ್ರಮಂದಿರಕ್ಕೂ ಒಂದು ಪ್ರಿಂಟ್ ಬೇಕು, ಪ್ರತಿ ಪ್ರಿಂಟಿಗೂ ದುಡ್ಡು ಸುರಿಯಬೇಕು. ಜನ ಬರುವರೆಂಬ ಭರವಸೆ ಇಲ್ಲದಿದ್ದರೆ ವಿತರಕರು ಮುಂದೆ ಬರುತ್ತಿರಲಿಲ್ಲ. ಸಣ್ಣ ಸಭಾಂಗಣಗಳ ಮಲ್ಟಿಪ್ಲೆಕ್ಸ್‌ಗಳು ರಾಜ್ಯದಲ್ಲಿ ಇನ್ನೂ ಬೇರೂರಿರಲಿಲ್ಲ. ಮನೆಯಲ್ಲೇ ಕುಳಿತು ಅಂತರ್ಜಾಲದಲ್ಲಿ ಸಿನಿಮಾ ನೋಡುವ ಸೌಲಭ್ಯದ ಕಲ್ಪನೆಯೂ ಇರಲಿಲ್ಲ. ಕಲಾತ್ಮಕ ಚಿತ್ರವೆಂದರೆ ಸರ್ಕಾರದ ಸಹಾಯಧನ, ದೂರದರ್ಶನದ ಪ್ರಸಾರ, ಚಿತ್ರೋತ್ಸವಗಳ ಪ್ರದರ್ಶನ ಇಷ್ಟನ್ನೇ ನೆಚ್ಚಿಕೊಳ್ಳಬೇಕಿತ್ತು.

ಇಂತಹ ಸ್ಥಿತಿಯಲ್ಲಿ ಜನಪ್ರಿಯ ನಟಿಯೊಬ್ಬಳ ಪ್ರವೇಶದಿಂದ ಎರಡು ಅನುಕೂಲಗಳಿದ್ದವು. ಮೊದಲನೆಯದು ಬಂಡವಾಳ. ವ್ಯಾಪಾರಿ ಚಿತ್ರಗಳ ಸಂಭಾವನೆ ಗಂಭೀರ ಚಿತ್ರವೊಂದಕ್ಕೆ ನೀರೆರೆಯಿತು. ಎರಡನೆಯದು ಹೆಸರು. ಹೊಸ ಅಲೆಯ ಚಿತ್ರಗಳತ್ತ ತಿರುಗಿಯೂ ನೋಡದ ಪ್ರೇಕ್ಷಕರು ಕೂಡ ಸೌಂದರ್ಯ ನಟಿಸಿದ್ದಾರೆಂಬ ಕಾರಣಕ್ಕೆ ಒಮ್ಮೆ ಕಣ್ಣು ಹಾಯಿಸುವಂತಾಯಿತು. ಆದರೂ 'ಆಪ್ತಮಿತ್ರ' ಕಂಡ ಜನಸಾಗರದ ಒಂದು ಪಾಲೂ 'ದ್ವೀಪ'ಕ್ಕೆ ಒದಗಲಿಲ್ಲ. ಪ್ರಶಸ್ತಿ ಪಡೆದ ಚಿತ್ರವನ್ನು ಹೊಗಳುವವರು ಬಹಳ, ಟಿಕೆಟ್ ಕೊಳ್ಳುವವರು ವಿರಳ ಎಂಬ ಹಳೆಯ ಕಥೆ ಇಲ್ಲೂ ಮರುಕಳಿಸಿತು.

ಅರ್ಧಕ್ಕೆ ನಿಂತ ಪಯಣ

2004ರ ಏಪ್ರಿಲ್ 17. ಲೋಕಸಭಾ ಚುನಾವಣೆಯ ಪ್ರಚಾರಕ್ಕಾಗಿ ಆಂಧ್ರಪ್ರದೇಶದ ಕರೀಂನಗರಕ್ಕೆ ಹೊರಟಿದ್ದ ಸೌಂದರ್ಯ ಬೆಂಗಳೂರಿನ ಜಕ್ಕೂರು ವಾಯುನೆಲೆಯಲ್ಲಿ ಸಣ್ಣ ವಿಮಾನ ಏರಿದರು. ಮೇಲೇರಿದ ಕೆಲವೇ ಕ್ಷಣಗಳಲ್ಲಿ ಅದು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಉರುಳಿ ಬೆಂಕಿಗೆ ಆಹುತಿಯಾಯಿತು. ಸಹೋದರ ಅಮರನಾಥ್ ಸೇರಿದಂತೆ ವಿಮಾನದಲ್ಲಿದ್ದ ನಾಲ್ವರೂ ಮೃತಪಟ್ಟರು. ಆಕೆಗೆ ಆಗ ಮೂವತ್ತರ ಆಸುಪಾಸು. ಮದುವೆಯಾಗಿ ಒಂದು ವರ್ಷವೂ ತುಂಬಿರಲಿಲ್ಲ.

ಪಿ. ವಾಸು ನಿರ್ದೇಶನದ, ದ್ವಾರಕೀಶ್ ನಿರ್ಮಾಣದ 'ಆಪ್ತಮಿತ್ರ' ತೆರೆಗೆ ಬಂದದ್ದು ಅದೇ ವರ್ಷ ಆಗಸ್ಟ್‌ನಲ್ಲಿ. ವಿಷ್ಣುವರ್ಧನ್ ಜೊತೆಗಿನ ಆ ಚಿತ್ರ ಕನ್ನಡದ ಮಹಾ ಯಶಸ್ಸುಗಳಲ್ಲೊಂದಾಯಿತು. ಅದನ್ನು ಕಣ್ತುಂಬಿಕೊಳ್ಳಲು ಆಕೆ ಇರಲಿಲ್ಲ. ಬಾಲಕೃಷ್ಣ ನಿರ್ದೇಶನದ 'ನರ್ತನಶಾಲ'ದಲ್ಲಿ ದ್ರೌಪದಿಯಾಗಿ ನಟಿಸುತ್ತಿದ್ದ ಸೌಂದರ್ಯ ಅವರ ಸಾವಿನೊಂದಿಗೆ ಆ ಚಿತ್ರ ನಿಂತುಹೋಯಿತು. ಅದರ ಚಿತ್ರೀಕರಿಸಿದ ಭಾಗ ಹೊರಬಂದದ್ದು 2020ರಲ್ಲಿ.

ತಾರೆಗಳ ಅಕಾಲ ಮರಣದಲ್ಲಿ ಅಭಿಮಾನಿಗಳು ಕಳೆದುಕೊಳ್ಳುವುದು ಒಂದು ಮುಖವನ್ನು. ಸೌಂದರ್ಯ ವಿಷಯದಲ್ಲಿ ಕನ್ನಡ ಚಿತ್ರರಂಗ ಕಳೆದುಕೊಂಡದ್ದು ಅದಕ್ಕಿಂತ ಹೆಚ್ಚು. ಜನಪ್ರಿಯ ಚಿತ್ರಗಳಲ್ಲಿ ದುಡಿದು ಗಂಭೀರ ಚಿತ್ರಗಳಿಗೆ ಹೂಡಬಲ್ಲ ನಟಿಯರು ಬೆರಳೆಣಿಕೆಯಷ್ಟು. ಕಲಾತ್ಮಕ ಮತ್ತು ವ್ಯಾಪಾರಿ ಎಂಬ ಎರಡು ದಡಗಳ ನಡುವೆ ಸೇತುವೆಯಾಗಬಲ್ಲವರು ಇನ್ನೂ ವಿರಳ. ಮೊದಲ ಹೆಜ್ಜೆಗೇ ಸ್ವರ್ಣಕಮಲ ಗಳಿಸಿದ ನಿರ್ಮಾಪಕಿ ಮುಂದಿನ ದಶಕದಲ್ಲಿ ಯಾವ ಕಥೆಗಳನ್ನು ಆಯ್ದುಕೊಳ್ಳುತ್ತಿದ್ದರು ಎಂಬ ಪ್ರಶ್ನೆಗೆ ಉತ್ತರವಿಲ್ಲ.

ಕಾದಂಬರಿಕಾರ ನಾ. ಡಿಸೋಜ 2025ರ ಜನವರಿಯಲ್ಲಿ ನಮ್ಮನ್ನಗಲಿದರು. ಅದೇ ವರ್ಷ ಜುಲೈನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಶರಾವತಿ ಹಿನ್ನೀರಿಗೆ ಸೇತುವೆ ಉದ್ಘಾಟನೆಯಾಯಿತು. ಲಾಂಚನ್ನೇ ನಂಬಿ ಆರು ದಶಕ ದ್ವೀಪದಂತೆ ಬದುಕಿದ ತುಮರಿ ಭಾಗದ ಜನರಿಗೆ ಕೊನೆಗೂ ದಾರಿ ಸಿಕ್ಕಿತು. ಆದರೆ ಶರಾವತಿ ಸಂತ್ರಸ್ತರ ಭೂಮಿಯ ಹಕ್ಕಿನ ಪ್ರಶ್ನೆ ಪೂರ್ತಿ ಇತ್ಯರ್ಥಗೊಂಡಿಲ್ಲ. ನಾಗಿಯಂಥವರ ದುಡಿಮೆಯ ಲೆಕ್ಕವೂ ಚುಕ್ತಾ ಆಗಿಲ್ಲ. ಹೀಗಾಗಿ 'ದ್ವೀಪ' ಇಂದಿಗೂ ಹಳತಾಗಿಲ್ಲ. 'ಆಪ್ತಮಿತ್ರ'ವನ್ನು ಮತ್ತೆ ಮತ್ತೆ ನೋಡುವ ಅಭಿಮಾನಿಗಳು ಒಮ್ಮೆ 'ದ್ವೀಪ'ವನ್ನೂ ನೋಡಲಿ. ಶೀರ್ಷಿಕೆಗಳು ಮೂಡುವಾಗ ನಿರ್ಮಾಪಕರ ಹೆಸರು ಬರುವ ತನಕ ಕಾಯಲಿ.